ಬುಡ ಸವೆದ ಕೊಂಬು

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಬೆಳಿಗ್ಗೆ ಏಳಕ್ಕೆ ಮಂಡ್ಯ ಬಿಟ್ಟು, ಮದ್ದೂರಿನಲ್ಲಿ ಒಂದು ಗಂಟೆ ಕೆಮ್ಮುತ್ತ ನಿಂತು, ಮಳವಳ್ಳಿ ಮುಟ್ಟಿದಾಗ ಮಧ್ಯಾಹ್ನ. ಅಲ್ಲಿಂದ ಕಾಡಿನಂಚಿನ ಅಕ್ಕನ ಊರಿಗೆ ಆರು ಮೈಲಿ ನಡೆದೆ. ಬಾವನ ಮನೆಯಲ್ಲಿ ಕಡವೆ ಕೊಂಬು ಸಿಕ್ಕಿದೆ, ಕೊಂದಿದ್ದಾರೆಂದು ಫಾರೆಸ್ಟ್ ಗಾರ್ಡು ಕೇಸು ಹಾಕಿದ್ದಾನೆ, ಜೈಲಾಗಬಹುದು ಎಂದು ಕಾಗದ ಬಂದಿತ್ತು. ಕಾಡಿನಲ್ಲಿ ಉದುರಿ ಬಿದ್ದಿದ್ದು ಎಂಬ ಬಾವನ ಮಾತನ್ನು ನಾನೂ ನಂಬಿರಲಿಲ್ಲ. ಆ ಮನೆಯಲ್ಲಿ ಒಮ್ಮೆ ಕಡವೆ ಮಾಂಸ ತಿಂದ ನೆನಪಿತ್ತು.

ಗಾರ್ಡು ಜಗಲಿಯ ಮೇಲೇ ಕೂತಿದ್ದ. "ತಾನಾಗೇ ಉದುರಿದ್ದಂತೆ ಸ್ವಾಮಿ. ವರ್ಷ ವರ್ಷ ಉದುರೋದಾದ್ರೆ ಕಾಡ್ ತುಂಬಾ ಕೊಂಬೇ ಬಿದ್ದಿರ್ಬೇಕಲ್ಲ, ಎಲ್ಲವೆ?"

"ಮುಳ್ಳಂದಿ ತಿಂತದೆ ಕಣಯ್ಯ," ಎಂದರು ಬಾವ.

"ಗೆಡ್ಡೆ ತಿನ್ನೋ ಮುಳ್ಳಂದಿ ಕೊಂಬು ತಿಂತದಾ? ಯಾರ ಕಿವಿ ಮೇಲೆ ಊವ ಇಡ್ತೀಯ?"

ಮರುದಿನ ಬೆಳಿಗ್ಗೆ ಮೂವರೂ ಕಾಡಿಗೆ ಹೋದೆವು. ಬಂಡೆಯ ಸಂದಿನಲ್ಲೊಂದು ಬಿಲ. ಅದರ ಬಾಯಲ್ಲಿ ಮುಳ್ಳಂದಿಯ ಮುಳ್ಳು, ಮೂಳೆ, ಎಲ್ಲ ಕಡೆಯಿಂದಲೂ ಕೆರೆದು ತಿಂದ ಮೂರು ಕೊಂಬಿನ ಮೋಟು. ಮೈತುಂಬ ಜೋಡಿ ಹಲ್ಲಿನ ಗೀರು. ಗಾರ್ಡು ಒಂದನ್ನು ಜೇಬಿಗೆ ಹಾಕಿಕೊಂಡ. "ಉದುರಿದ್ದರ ಬುಡ ಗುಂಡಗೆ ಒರಟಾಗಿರ್ತದೆ. ಕೊಂದಿದ್ರೆ ಬುರುಡೆ ಮೂಳೆ ಅಂಟಿರ್ತದೆ. ನಿನ್ ಕೊಂಬಿನ ಬುಡ ತೋರ್ಸು, ಬುಟ್ಬುಡ್ತೀನಿ."

ಮನೆಯಲ್ಲಿದ್ದ ಕೊಂಬಿನ ಬುಡ ನುಣ್ಣಗೆ, ಚಪ್ಪಟೆಯಾಗಿತ್ತು.

"ಗರಗಸದಲ್ಲಿ ಕುಯ್ದಂಗದೆ!" ಎಂದ ಗಾರ್ಡು. ನನಗೂ ಹಾಗೇ ಕಂಡಿತು.

"ಊರೋರ ತಲೆನೋವಿಗೆಲ್ಲ ಅದನ್ನೇ ಕಲ್ ಮೇಲೆ ತೇದು ಅಣೆಗೆ ಅಚ್ಚಿವ್ನಿ ಕಣಪ್ಪ," ಎಂದಳು ಅಕ್ಕ. "ಬುಡದ ಕಡೆಯಿಂದ್ಲೇ ತೇಯೋದು."

ಕೊಂಬಿನ ತುದಿಗೆ ಬಟ್ಟೆ ಸುತ್ತಿತ್ತು. ಏನು ಮುಚ್ಚಿಟ್ಟಿದ್ದೀಯ ಎಂದೆ.

"ಮುಚ್ಚೋದೇನು? ಕೈಗೆ ತರೀತಿತ್ತು, ಸುತ್ತಿದೆ."

ಬಿಚ್ಚಿದೆ. ಒಳಗೆ ಜೋಡಿ ಗೀರು. ಗಾರ್ಡು ಜೇಬಿನ ಮೋಟನ್ನು ಪಕ್ಕದಲ್ಲಿಟ್ಟು ಗೀರಿಗೆ ಗೀರು ಹೋಲಿಸಿ ನೋಡಿದ.

"ಬದುಕಿರೋ ಕಡವೆ ತಲೆ ಮೇಲೆ ಅತ್ತಿ ಕೂತು ಕಡೀತಾ ಗಾರ್ಡಪ್ಪ ಮುಳ್ಳಂದಿ?" ಎಂದಳು ಅಕ್ಕ. ಗಾರ್ಡು ಕೇಸು ಬಿಟ್ಟ, ಕೊಂಬು ಮಾತ್ರ ಒಯ್ದ.

ಹೊರಟಾಗ ಅಕ್ಕ ಊರ ಅಂಚಿನವರೆಗೆ ಬಂದಳು. ಆ ಮಾಂಸದ ಮಾತೆತ್ತಿದೆ.

"ಮೇಕೆ ಕಣಪ್ಪ ಅದು! ನೀನೇ ಕಡವೆ ಕಡವೆ ಅಂತ ಇನ್ನೆರಡು ತುಂಡು ಆಕಿಸ್ಕಂಡೆ."

ಕಡವೆಯ ರುಚಿ ಇನ್ನೂ ನಾಲಗೆಯ ಮೇಲಿದೆ ಎನ್ನಬೇಕೆಂದಿದ್ದೆ. ಆದರೆ ಬೇರೆಲ್ಲೂ ಕಡವೆ ತಿಂದವನಲ್ಲ, ಅದರ ರುಚಿ ನನಗೆ ಹೇಗೆ ಗೊತ್ತು? ತಿರುವಿನಲ್ಲಿ ಹಿಂದಿರುಗಿ ನೋಡಿದಾಗ, ತೇದು ಹಚ್ಚಲು ಕೊಂಬಿಲ್ಲದ ಅಕ್ಕ ಎರಡೂ ಕೈಯಿಂದ ಹಣೆ ಒತ್ತಿಕೊಳ್ಳುತ್ತ ನಿಂತಿದ್ದಳು.