ಪರದೆ ತುಂಬಿಸಲು ಕಡಿದ ತಲೆಗಳು

ನನ್ನ ಮೇಜಿನ ಮೇಲೆ, ಕಾಫಿ ಲೋಟದ ಪಕ್ಕದಲ್ಲಿ, ಮೂರು ವಾರದಿಂದ ಒಂದು ಡಿವಿಡಿಯ ಖಾಲಿ ಡಬ್ಬಿ ಬಿದ್ದುಕೊಂಡಿದೆ. ಅದರ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ‘ಕಪ್ಪು-ಬಿಳುಪು ಚಿತ್ರರತ್ನ, ಸಂಪೂರ್ಣ ಶುದ್ಧೀಕರಿಸಿದ ಹೊಸ ಪ್ರತಿ’ ಎಂದು ಅಚ್ಚಾಗಿದೆ. ಓದಿದಾಗಲೆಲ್ಲ ಮೈ ಉರಿಯುತ್ತದೆ. ಏಕೆಂದು ಹೇಳುತ್ತೇನೆ, ಗೆಳೆಯರೇ, ಸ್ವಲ್ಪ ಸಹಿಸಿಕೊಳ್ಳಿ. ಮೆತ್ತಗೆ ಮಾತಾಡುವ ಸ್ಥಿತಿಯಲ್ಲಿ ನಾನೀಗ ಇಲ್ಲ.

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಬೀಜದ ದರ್ಜೆ ನೋಡುತ್ತ ತಲೆ ನರೆಸಿಕೊಂಡವನು ನಾನು. ಮೂಟೆಗೆ ಕೊಳವೆ ಚುಚ್ಚಿ, ಒಂದು ಹಿಡಿ ಬೀಜವನ್ನು ಅಂಗೈಗೆ ಸುರಿದುಕೊಂಡು ನೋಡಿದಾಗ, ಚೀಟಿಯಲ್ಲಿ ಬರೆದದ್ದಕ್ಕೂ ಒಳಗಿರುವುದಕ್ಕೂ ತಾಳೆಯಾಗದಿದ್ದರೆ, ಎಷ್ಟೇ ದೊಡ್ಡ ಎಸ್ಟೇಟಿನ ಮಾಲಾದರೂ ಸರಿ, ಹಿಂದಕ್ಕೆ ಕಳಿಸುತ್ತಿದ್ದೆ. ಕಪ್ಪು ಬೀಜ ಆರಿಸಲು ಸಾಲಾಗಿ ಕೂತ ಹೆಂಗಸರು, ಕಸ ತೆಗೆಯುವ ಭರದಲ್ಲಿ ಒಳ್ಳೆಯ ಬೀಜವೊಂದನ್ನು ಎಸೆದರೂ ಮೇಸ್ತ್ರಿಯಿಂದ ಬೈಸಿಕೊಳ್ಳುತ್ತಿದ್ದರು. ಅಂಥ ಕಡೆ ಪಳಗಿದವನಿಗೆ ಈ ಡಬ್ಬಿಯ ಮೇಲಿನ ಬರಹ ಶುದ್ಧ ಮೋಸವೆನಿಸುತ್ತದೆ.

ಡಿವಿಡಿ ತರಿಸಿದ್ದು ವಸ್ತಾರೆಯಲ್ಲಿರುವ ನನ್ನ ಸೋದರತ್ತೆಗಾಗಿ. ಅವರ ಗಂಡ, ನನ್ನ ಮಾವ, ಕಳಸದ ಕಡೆಯ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅಲ್ಲಿಗೊಮ್ಮೆ ಸಿನಿಮಾದವರು ಬಂದು, ಕಾಫಿ ಒಣಗಿಸುವ ಕಣದಲ್ಲಿ ನಾಯಕ ಜೀಪಿನಿಂದ ಇಳಿಯುವ ದೃಶ್ಯಕ್ಕೆ ಎಸ್ಟೇಟಿನವರನ್ನೇ ಸಾಲಾಗಿ ನಿಲ್ಲಿಸಿದರಂತೆ. ಆರಡಿ ಎತ್ತರದ ಮಾವನನ್ನು ಹಿಂದಿನ ಕಟ್ಟೆಯ ಮೇಲೆ ಹತ್ತಿಸಿದರು. ಕ್ಯಾಮೆರಾ ಕಡೆ ಯಾರೂ ನೋಡಕೂಡದೆಂದು ಕಟ್ಟಪ್ಪಣೆ ಬೇರೆ. ಆದರೆ ಆ ಕ್ಯಾಮೆರಾದ ಹಿಂದೆಯೇ, ನೆರೆದ ಹೆಂಗಸರ ನಡುವೆ, ಮದುವೆಯಾಗಿ ವರ್ಷ ತುಂಬದ ಅತ್ತೆ ನಿಂತಿದ್ದರು. ಮಾವ ಅವರನ್ನು ಕಂಡು ನಕ್ಕುಬಿಟ್ಟರು. ನಿರ್ದೇಶಕರು ಬೈದರಂತೆ, ಆದರೆ ಫಿಲಂ ದುಬಾರಿಯಾಗಿದ್ದರಿಂದ ಮತ್ತೆ ತೆಗೆಯಲಿಲ್ಲ. ಹೆಂಡತಿಗೆಂದು ನಕ್ಕ ನಗು ಚಿತ್ರದಲ್ಲಿ ಹಾಗೆಯೇ ಉಳಿಯಿತು.

ಕಳಸದ ಟೆಂಟ್ ಟಾಕೀಸಿಗೆ ಚಿತ್ರ ಬಂದಾಗ ಇಬ್ಬರೂ ಹೋಗಿದ್ದರು. ಕಣದ ದೃಶ್ಯ ಬಂದೊಡನೆ ಗುರುತಿನವರೆಲ್ಲ ಶಿಳ್ಳೆ ಹೊಡೆದರು. ಅತ್ತೆ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು, ಇನ್ನೊಮ್ಮೆ ನೋಡಿದರಾಯಿತೆಂದುಕೊಂಡರು. ಚಿತ್ರ ಮೂರೇ ದಿನಕ್ಕೆ ಎತ್ತಂಗಡಿಯಾಯಿತು. ಕೆಲವೇ ವರ್ಷಗಳಲ್ಲಿ ಮಾವ ಜ್ವರ ಬಂದು ತೀರಿಕೊಂಡರು. ಮನೆಯಲ್ಲಿರುವ ಒಂದೇ ಒಂದು ಮದುವೆಯ ಫೋಟೋದಲ್ಲಿ ಅವರು ಹಲ್ಲುನೋವಿನವರ ಹಾಗೆ ಮುಖ ಬಿಗಿದುಕೊಂಡು ನಿಂತಿದ್ದಾರೆ. ಆ ನಗುವನ್ನು ಪರದೆಯ ಮೇಲೆ ಒಮ್ಮೆ ನೋಡಬೇಕೆಂಬುದು ಅತ್ತೆಯ ಒಂದೇ ಆಸೆ. ಎಂಬತ್ತು ದಾಟಿದ ಮೇಲೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಒಪ್ಪಿದ್ದೂ, ಗೋಡೆಗೆ ಅಗಲದ ಟಿವಿ ಹಾಕಿಸಿದ್ದೂ ಅದಕ್ಕಾಗಿಯೇ ಎಂದು ನನ್ನ ಗುಮಾನಿ.

ಚಿತ್ರ ಹಾಕಿ ಕೂತೆವು. ಗೀರು, ಚುಕ್ಕೆ ಅಳಿಸುತ್ತೇವೆಂದು ಮುಖಗಳನ್ನು ಎಷ್ಟು ತಿಕ್ಕಿದ್ದರೆಂದರೆ ನಾಯಕಿಯ ಕೆನ್ನೆ ಮೇಣದಂತಾಗಿತ್ತು. ಮೂಲೆಯಲ್ಲಿ ಕಂಪನಿಯ ಮುದ್ರೆ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಹಾಡು ಅರ್ಧಕ್ಕೇ ಮಾಯವಾಯಿತು. ಎಲ್ಲವನ್ನೂ ನುಂಗಿಕೊಂಡೆ. ಕಣದ ದೃಶ್ಯ ಬಂತು. ನಾಯಕ ಜೀಪಿನಿಂದ ಇಳಿದ. ಹಿಂದಿನ ಕಟ್ಟೆಯ ಮೇಲೆ ನಿಂತವರಲ್ಲಿ ಯಾರಿಗೂ ಕುತ್ತಿಗೆಯಿಂದ ಮೇಲೆ ಏನೂ ಇರಲಿಲ್ಲ.

ಟಿವಿಯದೇ ದೋಷವೆಂದು ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದೆ. ಆಮೇಲೆ ಅರ್ಥವಾಯಿತು. ಹಳೆಯ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ, ಈಗಿನ ಟಿವಿಗಳದು ಅಗಲ. ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೆ ಎರಡು ಬದಿಗೂ ಕಪ್ಪು ಪಟ್ಟಿ ಉಳಿಯುತ್ತದೆ, ಅಷ್ಟೇ. ಆ ಪಟ್ಟಿ ಕಂಡರೆ ಗಿರಾಕಿ ಮುಖ ಸಿಂಡರಿಸುತ್ತಾನೆಂದು ಈ ಮಹನೀಯರು ಚಿತ್ರವನ್ನು ಹಿಗ್ಗಿಸಿ, ಮೇಲೆ ಕೆಳಗೆ ಉಳಿದದ್ದನ್ನು ಕತ್ತರಿಸಿ ಎಸೆದಿದ್ದಾರೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರನ್ನು ಕೇಳಿದ್ದೆ; ಪರರ ಮೂಗು ಕೊಯ್ದು ಅದನ್ನು ಶುದ್ಧೀಕರಣವೆಂದು ಮಾರುವವರನ್ನು ಈಗಲೇ ಕಂಡದ್ದು. ಚಿತ್ರ ತೆಗೆದವನು ಕಣ್ಣಿಟ್ಟು ಅಳೆದ ಚೌಕಟ್ಟಿಗೆ ಕತ್ತರಿ ಹಾಕಲು ಇವರಿಗೆ ಅಧಿಕಾರ ಕೊಟ್ಟವರಾರು?

ಡಬ್ಬಿಯ ಮೇಲಿದ್ದ ನಂಬರು ಹುಡುಕಿ ಫೋನು ಮಾಡಲೆಂದೇ ಅದನ್ನು ಮನೆಗೆ ತಂದದ್ದು. ನಾಲ್ಕನೆಯ ಸಲಕ್ಕೆ ಒಬ್ಬ ಸಿಕ್ಕಿದ. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ ಬಹಳ ವಿನಯದಿಂದಲೇ ಕೇಳಿದ: “ಹೀರೋ ಮುಖ ಪೂರ್ತಿ ಇದೆಯಲ್ಲ ಸಾರ್, ಹಿಂದೆ ನಿಂತಿರೋ ಜನಾನ ಯಾರು ನೋಡ್ತಾರೆ?” ಮೂಲ ರೀಲುಗಳಾದರೂ ಇವೆಯೇ ಎಂದೆ. ಅವು ಹಳತಾಗಿ ಕೆಟ್ಟು ಹುಳಿವಾಸನೆ ಹೊಡೆಯುತ್ತಿದ್ದವಂತೆ, ಗೋಡೌನಿನಲ್ಲಿ ಜಾಗವಿರಲಿಲ್ಲವಂತೆ, ಈ ಪ್ರತಿ ಆದ ಮೇಲೆ ಗುಜರಿಗೆ ಹಾಕಿದರಂತೆ. ಬೇರೆ ಪ್ರತಿ ಎಲ್ಲೂ ಇಲ್ಲವೆಂದ. ನಾನು ಆಡಬಾರದ ಮಾತು ಆಡಿದೆ; ಅದಕ್ಕೆ ಈಗಲೂ ಪಶ್ಚಾತ್ತಾಪವಿಲ್ಲ.

ಜನ ಅಂದನಲ್ಲ, ಆ ಜನ ಯಾರು? ಕಾಫಿ ಕೊಯ್ದವರು, ಕಣ ಗುಡಿಸಿದವರು, ಒಂದು ದಿನದ ಕೆಲಸ ಬಿಟ್ಟು ಬಿಸಿಲಲ್ಲಿ ನಿಂತವರು. ನಾಯಕನಿಗೆ ನೂರು ಚಿತ್ರಗಳಿದ್ದವು. ಇವರಿಗೆ ಇದ್ದದ್ದು ಇದೊಂದು ನಿಮಿಷ. ಅದನ್ನೇ ಕಸವೆಂದು ಆರಿಸಿ ಎಸೆದರು.

ಕಳೆದ ಭಾನುವಾರ ವಸ್ತಾರೆಗೆ ಹೋಗಿ, ಇನ್ನು ಆ ಚಿತ್ರ ಸಿಗುವುದಿಲ್ಲವೆಂದು ಅತ್ತೆಗೆ ಹೇಳಿದೆ. ಅವರು ಅಳಲಿಲ್ಲ. ಇನ್ನೊಮ್ಮೆ ಹಾಕು ಎಂದರು. ಕಣದ ದೃಶ್ಯ ಬಂದಾಗ ನಿಲ್ಲಿಸಲು ಹೇಳಿ, ಮೊಣಕಾಲು ಹಿಡಿದುಕೊಂಡು ಎದ್ದು, ಟಿವಿಯ ಹತ್ತಿರ ಹೋದರು. ತಲೆಯಿಲ್ಲದ ಆ ಎತ್ತರದ ದೇಹದ ನೇರಕ್ಕೆ, ಟಿವಿಯ ಅಂಚಿನಿಂದ ಮೇಲೆ, ಬರಿಯ ಗೋಡೆಯ ಮೇಲೆ ಅಂಗೈ ಇಟ್ಟರು.

“ಇಷ್ಟು ಜಾಗ ಸಾಕಿತ್ತು ಅವ್ರಿಗೆ,” ಎಂದರು. “ಅಷ್ಟೂ ಕೊಡ್ಲಿಲ್ಲ ನೋಡು ಮಾರಾಯ.”