ಎಡೆಲ್ಮಿರಾ ಅಕ್ಕನ ಚಿಪ್ಪುಗಳು
ಸ್ಪೇನಿನ ಆಸ್ತೂರಿಯಸ್ ಕರಾವಳಿಯ ಒಂದು ಊರಿನಲ್ಲಿ ಪ್ರೊಫೆಸರ್ ಎಡೆಲ್ಮಿರಾ ಊಟಕ್ಕೆ ಕೂತರೆ ಪಕ್ಕದವರು ತಮ್ಮ ತಟ್ಟೆಯನ್ನು ಎಳೆದುಕೊಳ್ಳುತ್ತಿದ್ದರು. ಎಡೆಲ್ಮಿರಾಗೆ ಬೇಕಾದದ್ದು ಕಡಲಚಿಪ್ಪಿನೊಳಗಿನ ಮಾಂಸವಲ್ಲ, ಖಾಲಿ ಚಿಪ್ಪು. "ಅಕ್ಕಾ, ನನ್ನ ಬಾಯಿಂದಾದ್ರೂ ಹೊರಗೆ ಬರ್ಲಿ, ತಡೀರಿ!" ಎಂದು ಹೋಟೆಲಿನ ಸೆಲ್ಸೊ ಗೋಗರೆಯುತ್ತಿದ್ದ. ಮದುವೆಮನೆಯಲ್ಲೂ ಅವರ ಕೈಚೀಲ ಕಡಲಿನ ವಾಸನೆ ಹೊಡೆಯುತ್ತಿತ್ತು. ಪ್ರಯೋಗಾಲಯದಲ್ಲಿ ಚಿಪ್ಪನ್ನು ಸೀಳಿ ಎಲೆಕ್ಟ್ರಾನ್ ಕಿರಣ ಹಾಯಿಸಿದರೆ ಅದರೊಳಗಿನ ಖನಿಜ ಕೆಂಡದಂತೆ ಹೊಳೆಯುತ್ತಿತ್ತು. ಬೇಸಿಗೆಯಲ್ಲಿ ಬೆಳೆದ ಗೆರೆ ಪ್ರಖರ, ಚಳಿಗಾಲದ್ದು ಮಂಕು. "ಬಾ ಮಗಳೇ, ನಿನ್ನ ಕಾಲದಲ್ಲಿ ಕಡಲು ಹೇಗಿತ್ತು ಹೇಳು," ಎಂದು ಸಾವಿರಾರು ವರ್ಷ ಹಳೆಯ ಚಿಪ್ಪನ್ನು ಮುದ್ದಾಗಿ ಮಾತಾಡಿಸುತ್ತಿದ್ದರು. ಒಮ್ಮೆ, ಆದಿಮಾನವರು ತಿಂದು ಗುಹೆಯಲ್ಲಿ ಎಸೆದಿದ್ದ ಚಿಪ್ಪುಗಳಲ್ಲಿ ಕೊನೆಗೆ ಬೆಳೆದ ಅಂಚೆಲ್ಲ ಮಂಕಾಗಿ ಕಂಡಿತು: ಅವನ್ನು ನಡು ಚಳಿಗಾಲದಲ್ಲಿ ಬಂಡೆಯಿಂದ ಕಿತ್ತಿದ್ದರು. "ಆ ಅಲೆಗಳಲ್ಲಿ ಯಾರು ಇಳೀತಾರೆ ಮೇಡಂ, ಹುಚ್ಚರಾ?" ಎಂದು ಶಿಷ್ಯೆ ಇನೆಸ್ ನಕ್ಕಳು. ಎಡೆಲ್ಮಿರಾ ನಗಲಿಲ್ಲ. "ಮನೇಲಿ ಒಲೆ ಹತ್ತದಿದ್ರೆ ಇಳೀತಾರೆ ಕಣೇ. ಅಂತರ್ಯುದ್ಧ ಮುಗಿದ ವರ್ಷ ಚಳಿಗಾಲದಲ್ಲಿ ನಮ್ಮಮ್ಮ ನನ್ನನ್ನ ಹೊಟ್ಟೇಲಿಟ್ಕೊಂಡೇ ಇಳಿದಿದ್ಲು." ಇನೆಸ್‌ಳ ಮುಖ ಸಪ್ಪಗಾದದ್ದು ಕಂಡು ಅವರೇ ಅವಳ ಬೆನ್ನು ತಟ್ಟಿದರು. "ನನ್ನ ಮೂಳೆ ಸೀಳಿ ನೋಡು, ಅಲ್ಲೂ ಅದೇ ಚಳಿಗಾಲ ಸಿಗುತ್ತೆ," ಎಂದು ಈಗ ತಾವೂ ನಕ್ಕರು.