ಯಾವ ಸರಕಾರದ ಕಣ್ಣು?

ನನ್ನ ಎಡಗಣ್ಣಿಗೆ ಪೊರೆ ಬಂದಾಗ, ಅದು ಯಾವ ಸರಕಾರದ ಕಣ್ಣು ಅನ್ನೋದು ತೀರ್ಮಾನ ಆಗಲಿಕ್ಕೇ ಎಂಟು ತಿಂಗಳು ಹಿಡೀತು. ನಾನು ಕಲ್ತದ್ದು ಮೂರನೇ ಇಯತ್ತೆ. ಅದಕ್ಕೇ ನನಗ ತಿಳೀವಲ್ದು ಅಂತ ಮೊದಲು ಅಂದ್ಕೊಂಡಿದ್ದೆ. ಆಮ್ಯಾಲೆ ನೋಡಿದ್ರ ಕಲ್ತವರಿಗೂ ತಿಳಿದಿರಲಿಲ್ಲ. ಅವರು ಕುರ್ಚಿ ಮ್ಯಾಲೆ ಕುಂತು ತಿಳೀಲಾರದೆ ಇದ್ರು, ನಾನು ನಿಂತು. ಅಷ್ಟೇ ಫರಕು.

ನಮ್ಮ ಯಜಮಾನರು ವಾಡಿ ಸ್ಟೇಷನ್ನಿನಾಗ ಟಿಕೀಟು ಕೊಡೋ ಕೆಲಸ ಮಾಡಿ ರಿಟಾಯರ್ ಆದವರು. ಹಂಗಾಗಿ ಇಬ್ಬರಿಗೂ ರೈಲ್ವೆ ದವಾಖಾನಿ ಕಾರ್ಡಿತ್ತು. ಮಗ ಚಿತ್ತಾಪುರದಾಗ ಸರಕಾರಿ ಸಾಲಿ ಮಾಸ್ತರ. ಅವರದು ಕೇಂದ್ರ ಸರಕಾರ, ಇವನದು ರಾಜ್ಯ ಸರಕಾರ. ನಾವು ಅವನ ಮನ್ಯಾಗೇ ಇದ್ವಿ.

"ಅವ್ವಾ, ರೈಲ್ವೆದವರು ಆಪರೇಶನ್ನಿಗೆ ಸೊಲ್ಲಾಪುರಕ್ಕ ಕಳಸ್ತಾರ. ನಿನ್ನ ಹೆಸರು ನನ್ನ ಕಡೆ ಬರಸ್ತೀನಿ. ಗುಲಬರ್ಗಾದಾಗೇ ಮಾಡಸೋಣು, ಖರ್ಚು ಇಲಾಖೆ ಕೊಡ್ತದ" ಅಂದ ಮಗ.

ಪೊರೆ ಭಾಳ ಬಲೀಲಿಕ್ಕೆ ಬಿಡಬ್ಯಾಡ್ರಿ, ಕಣ್ಣೇ ಹೋದೀತು ಅಂತ ಡಾಕ್ಟರು ಬ್ಯಾರೆ ಹೇಳಿದ್ರು. ತೊಗರಿಬ್ಯಾಳ್ಯಾಗಿನ ಹಳ್ಳು ನನಗ ಕಾಣ್ತಿರಲಿಲ್ಲ. ಊಟಕ್ಕ ಕುಂತವರ ಹಲ್ಲಿನಾಗ ಕಟಂ ಅಂದ್ರ ಎಲ್ಲಾರೂ ನನ್ನ ಮಾರಿ ನೋಡೋರು. ಆಯ್ತಪಾ ಅಂದೆ.

ರೈಲ್ವೆ ಕಾರ್ಡಿನಿಂದ ನನ್ನ ತೆಗೆಸಿದ್ವಿ. ಅವರು ಕೊಟ್ಟ ಕಾಗದದಾಗ ಬರೇ 'ಪತ್ನಿ' ಅಂತಿತ್ತು, ಹೆಸರಿರಲಿಲ್ಲ. ಅದನ್ನ ತೊಗೊಂಡು ಮಗ ತನ್ನ ಇಲಾಖೆಗೆ ಹೋದ್ರ, ಪಿಂಚಣಿ ಬರೋರ ಹೆಂಡ್ತಿ ಮಗನ ಆಶ್ರಯದಾಕಿ ಹೆಂಗಾಗ್ತಾಳ ಅಂತ ಕೇಳಿದ್ರಂತ. ಆರು ತಿಂಗಳ ವಿಚಾರ ಮಾಡಿ, ಆಗೂದಿಲ್ಲ ಅಂದ್ರು. ಈ ಕಡೆ ಬಿಟ್ಟಾಗಿತ್ತು, ಆ ಕಡೆ ಸೇರಲಿಲ್ಲ. ಅಷ್ಟೊತ್ತಿಗೆ ದೇವರ ಮುಂದಿನ ಒಂದು ದೀಪ ನನಗ ಮೂರಾಗಿ ಕಾಣಲಿಕತ್ತಿತ್ತು.

ನನ್ನ ಮದುವ್ಯಾಗ ಅಪ್ಪ ಒಂದು ಉದ್ಧರಣಿ ನೀರು ಬಿಟ್ಟಿದ್ದ. ಅಷ್ಟಕ್ಕೇ ಗೋತ್ರ ಬದಲಾತು, ಮನಿತನ ಬದಲಾತು. ತಾಟಿನಾಗಿನ ಅಕ್ಕಿಯೊಳಗ ಉಂಗುರದಿಂದ ಬರದು ಹೆಸರೂ ಬದಲು ಮಾಡಿದ್ರು. ತುಳಸಾ ಹೋಗಿ ರುಕ್ಮಿಣಿ ಆದೆ. ಭಟ್ಟರು ಮೂರು ಪ್ರತಿ ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ, ಆ ಮಾತು ಬ್ಯಾರೆ. ಆ ಅಕ್ಕಿ ಹೆಸರಿನಿಂದ ನನ್ನ ಯಾರೂ ಕರೀಲಿಲ್ಲ, ಅತ್ತಿ ಸುದ್ದಾ. ಯಜಮಾನರು ಮಾತ್ರ ಅದನ್ನೇ ನಂಬಿ ನೌಕರಿ ಕಾಗದದಾಗ ಬರಸಿಬಿಟ್ಟಿದ್ರು. ಮಗನಿಗೆ ಗೊತ್ತಿದ್ದದ್ದು ತುಳಸಾಬಾಯಿ. ಅಂವ ತನ್ನ ಇಲಾಖೆದಾಗ ಹಂಗೇ ಬರಸಿದ.

ತಿರುಗಿ ರೈಲ್ವೆಗೆ ಸೇರಲಿಕ್ಕೆ ವಾಡಿಗೆ ಹೋದ್ವಿ. ಈಕೆ ಮಗನ ಕಡೆ ಇಲ್ಲ ಅಂತ ಇಲಾಖೆಯವರು ಕೊಟ್ಟ ಕಾಗದ ಕಾರಕೂನ ಓದಿದ. ತನ್ನ ದಫ್ತರ ತೆಗೆದು ನೋಡಿದ. ಆಮ್ಯಾಲೆ ದನಿ ಇಳಿಸಿ ಯಜಮಾನರಿಗೆ ಕೇಳಿದ:

"ರಾಯರ, ಈ ತುಳಸಾಬಾಯಿ ಯಾರ್ರಿ? ನಿಮ್ಮ ಹೆಂಡ್ತಿ ಹೆಸರು ರುಕ್ಮಿಣಿ ಅದ."

"ಇಬ್ಬರೂ ಇಕೀನೇ" ಅಂದ್ರು. ಅನ್ನೋವಾಗ ತೊದಲಿದ್ರು. ತೊದಲಿದ ಗಂಡಸನ್ನ ಯಾರು ನಂಬ್ತಾರ?

"ಇಬ್ಬರೊಳಗ ಮೊದಲನೇವರು ಯಾರ್ರಿ?"

ನಾನು ಮುಂದ ಬಂದೆ. "ನೋಡಪಾ ತಮ್ಮಾ, ಒಬ್ಬಾಕಿ ಕೈಯಾಗೇ ಇವರು ಸೋತು ಸುಣ್ಣ ಆಗ್ಯಾರ. ಇನ್ನೊಬ್ಬಾಕಿನ್ನ ತರೋ ಧೈರ್ಯ ಎಲ್ಲಿಂದ ಬರಬೇಕು? ಕಣ್ಣು ಹೋಗಲಿಕತ್ತದ, ಲಗೂ ದಾರಿ ಹೇಳು."

ವಕೀಲರ ಕಡೆ ಹೋಗಿ, ಇಬ್ಬರೂ ಒಬ್ಬರೇ ಅಂತ ಪ್ರಮಾಣಪತ್ರ ಮಾಡಿಸಿ ತರ್ರಿ ಅಂದ. ಚಿತ್ತಾಪುರ ಕೋರ್ಟಿನ ಬೇವಿನ ಗಿಡದ ಬುಡಕ್ಕ ಕುಂತು, ನಾನು ನಾನೇ ಅಂತ ಆಣಿ ಮಾಡಿ, ಎರಡೂ ಹೆಸರಿನ ಸಹಿ ಹಾಕಿದೆ. ರುಕ್ಮಿಣಿ ಅಂತ ಬರದದ್ದು ಜನ್ಮದಾಗ ಅದೇ ಮೊದಲು. ಮಂದಿ ಹೆಸರು ಕದ್ದು ಬರದಂಗ ಅನಿಸ್ತು.

ಸೊಲ್ಲಾಪುರದಾಗ ಆಪರೇಶನ್ ಆತು. ಪಟ್ಟಿ ಬಿಚ್ಚಿ ಡಾಕ್ಟರು ಬೆರಳು ತೋರಿಸಿದ್ರು. ಎರಡು ಅಂದೆ. ಎರಡೇ ಇದ್ವು.

ಮರುವರ್ಷ ಬಲಗಣ್ಣು ಮಂಜಾತು. "ಅವ್ವಾ, ಈಗ ನಿಯಮ ಬದಲಾಗ್ಯಾವ ಅಂತಾರ, ಈ ಕಣ್ಣರೆ ನನ್ನ ಕಡೆ ಬರಸೋಣು" ಅಂತ ಮಗ ಉಮೇದಿಲೆ ಬಂದ. "ಮತ್ತ ಇಕೀನ್ನ ಎಲ್ಲೂ ಇಲ್ಲದಾಕೀನ್ನ ಮಾಡ್ತೀ ಏನು?" ಅಂತ ಯಜಮಾನರು ಎದ್ದು ಕುಂತ್ರು. ಯಾರದು ಖರೆ, ನನಗ ಇವತ್ತಿಗೂ ಗೊತ್ತಿಲ್ಲ. ಅವರ ವಾದ ಮುಗಿಯೋದ್ರಾಗ ನಾನು ಎರಡು ಸೀರಿ ಮಡಿಚಿ ಸೊಲ್ಲಾಪುರದ ಚೀಲದಾಗ ಇಟ್ಟಿದ್ದೆ. ಗುಲಬರ್ಗಾ ಹತ್ತಿರ ಅದ, ಇಲ್ಲ ಅನ್ನೂದಿಲ್ಲ. ಆದ್ರ ಈ ವಯಸ್ಸಿನಾಗ ಹತ್ತಿರದ ಬಾಗಲಾಕ್ಕಿಂತ ತೆರೆದ ಬಾಗಲಾ ಛಲೋ.